ಎದೆ ಒತ್ತುವ ಕೈ, ಗಂಟೆ ಬರೆಯುವ ಕೈ

ಪ್ರಶ್ನೆ: ಮೂರು ತಿಂಗಳ ಹಿಂದೆ ನಮ್ಮ ಮಾವನವರು ಬೆಳಗಿನ ಕಾಫಿ ಕುಡಿದು ಜಗಲಿಯಲ್ಲಿ ಕೂತಿದ್ದವರು ಹಾಗೇ ಕುಸಿದರು. ಅವರಿಗೆ 78 ವರ್ಷ. ಪಕ್ಕದ ಮನೆಯ ಹುಡುಗ ಕಾಲೇಜಿನಲ್ಲಿ ಎದೆ ಒತ್ತುವುದನ್ನು ಕಲಿತಿದ್ದ, ಓಡಿ ಬಂದು ಶುರು ಮಾಡಿದ. ಆಮೇಲೆ ಆಂಬುಲೆನ್ಸ್ ಬಂತು. ಬಂದವರು ಕೆಲಸ ಮಾಡುತ್ತಲೇ ‘ಬಿದ್ದಾಗ ಯಾರು ನೋಡಿದಿರಿ? ಎಷ್ಟು ಗಂಟೆಗೆ? ಒತ್ತಲು ಶುರು ಮಾಡಿದ್ದು ಯಾವಾಗ?’ ಎಂದು ಕೇಳಿ ಬರೆದುಕೊಂಡರು. ನಮ್ಮ ಮನೆಯವರಿಗೆ ಸಿಟ್ಟು ಬಂತು. ಜೀವ ಹೋಗುತ್ತಿರುವಾಗ ಬರೆಯುವುದೇನು? ಆಸ್ಪತ್ರೆಯಲ್ಲಿ ವೈದ್ಯರು ಇನ್ನಷ್ಟು ಹೊತ್ತು ಪ್ರಯತ್ನಿಸಿ ನಿಲ್ಲಿಸಿದರು. ಮಾವನವರು ‘ಮೂಗಿಗೆ ಬಾಯಿಗೆ ಕೊಳವೆ ಹಾಕಿ ಮಲಗಿಸಬೇಡಿ’ ಎಂದು ಹಲವು ಸಲ ಹೇಳಿದ್ದುಂಟು. ಹಾಗಾದರೆ ಶುರು ಮಾಡಿದ್ದೇ ತಪ್ಪೇ? ಅಥವಾ ನಿಲ್ಲಿಸಿದ್ದು ತಪ್ಪೇ? ಇದನ್ನು ಯಾರು, ಯಾವ ಆಧಾರದ ಮೇಲೆ ತೀರ್ಮಾನಿಸುತ್ತಾರೆ? ಒತ್ತುವಾಗ ಪಕ್ಕೆಲುಬು ಮುರಿದ ಸದ್ದು ಕೇಳಿತಂತೆ, ಆ ಹುಡುಗ ಈಗ ನಮ್ಮ ಮನೆ ಕಡೆ ಬರುತ್ತಿಲ್ಲ.
— ಸಾಗರ ತಾಲ್ಲೂಕಿನ ಓದುಗರು

ಉತ್ತರ: ಮಾವನವರನ್ನು ಕಳೆದುಕೊಂಡ ನಿಮ್ಮ ಮನೆಯವರೆಲ್ಲರಿಗೆ ಮೊದಲು ನನ್ನ ಸಂತಾಪ. ಇಂಥ ಪ್ರಶ್ನೆಗಳು ಎಷ್ಟೋ ಮನೆಗಳಲ್ಲಿ ವೈಕುಂಠ ಸಮಾರಾಧನೆ ಮುಗಿದ ಮೇಲೂ ಉಳಿದಿರುತ್ತವೆ. ಕೇಳಿದರೆ ಯಾರನ್ನೋ ದೂರಿದಂತಾದೀತು ಎಂಬ ಸಂಕೋಚದಿಂದ ಯಾರೂ ಬಾಯಿ ಬಿಡುವುದಿಲ್ಲ. ನೀವು ಕೇಳಿದಿರಿ, ಒಳ್ಳೆಯದಾಯಿತು.

ನಿಮ್ಮ ಪತ್ರದಲ್ಲಿ ಮೂರು ಸಂದೇಹಗಳಿವೆ. ಶುರು ಮಾಡಿದ್ದು ಸರಿಯೇ, ನಿಲ್ಲಿಸಿದ್ದು ಸರಿಯೇ, ನಡುವೆ ಬರೆದದ್ದು ಯಾಕೆ? ಮೊದಲ ಎರಡು ನೀತಿಯ ಪ್ರಶ್ನೆಗಳು, ಮೂರನೆಯದು ಬರೀ ಕಚೇರಿ ಪದ್ಧತಿ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಮೂರಕ್ಕೂ ಬೇರು ಒಂದೇ. ಆ ಹಾಳೆಯಲ್ಲಿ ಬರೆದ ಗಂಟೆ ನಿಮಿಷಗಳಿಲ್ಲದೆ ಮೊದಲಿನ ಎರಡು ಪ್ರಶ್ನೆಗಳಿಗೆ ಪ್ರಾಮಾಣಿಕ ಉತ್ತರ ಕೊಡಲು ಯಾರಿಗೂ ಆಗುವುದಿಲ್ಲ. ಒಂದೊಂದಾಗಿ ನೋಡೋಣ.

ಅಂದು ಜಗಲಿಯಲ್ಲಿ ಆದದ್ದು ಹೃದಯ ಸ್ತಂಭನ, ಅಂದರೆ ಹೃದಯ ರಕ್ತ ಪಂಪು ಮಾಡುವುದನ್ನೇ ನಿಲ್ಲಿಸಿಬಿಡುವುದು. ಹೃದಯಾಘಾತ ಬೇರೆ. ಅದರಲ್ಲಿ ಹೃದಯದ ರಕ್ತನಾಳ ಕಟ್ಟಿಕೊಳ್ಳುತ್ತದೆ, ಆದರೆ ಮನುಷ್ಯನಿಗೆ ಸಾಮಾನ್ಯವಾಗಿ ಎಚ್ಚರವಿರುತ್ತದೆ, ಎದೆನೋವು ಹೇಳಿಕೊಳ್ಳುತ್ತಾನೆ. ಹೃದಯಾಘಾತದಿಂದ ಸ್ತಂಭನ ಆಗಬಹುದು, ಆಗದೆಯೂ ಇರಬಹುದು. ಸ್ತಂಭನವಾದಾಗ ಕೆಲವು ಕ್ಷಣಗಳಲ್ಲೇ ಪ್ರಜ್ಞೆ ತಪ್ಪುತ್ತದೆ. ಆಮೇಲೂ ಕೆಲವರಲ್ಲಿ ಒಂದೆರಡು ನಿಮಿಷ ಬಾಯಿ ತೆರೆದು ಬಿಟ್ಟು ಬಿಟ್ಟು ಎಳೆಯುವ ಉಸಿರು ಕಾಣುತ್ತದೆ. ನಮ್ಮವರು ಮೇಲುಸಿರು ಎನ್ನುವುದು ಇದನ್ನೇ. ಅದನ್ನು ನೋಡಿ ‘ಉಸಿರಾಡ್ತಿದಾರೆ, ಮುಟ್ಟಬೇಡಿ’ ಎನ್ನುವವರು ಬಹಳ. ಅದು ಬದುಕಿನ ಉಸಿರಲ್ಲ. ಎಚ್ಚರವಿಲ್ಲ, ಸರಿಯಾದ ಉಸಿರೂ ಇಲ್ಲ ಎಂದರೆ ಕೂಡಲೇ ಎದೆ ಒತ್ತಬೇಕು. ರಕ್ತ ಸಿಗದ ಮಿದುಳು ನಾಲ್ಕರಿಂದ ಆರು ನಿಮಿಷಗಳಲ್ಲಿ ಕೆಡಲು ತೊಡಗುತ್ತದೆ. ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ಐದಾರು ಸೆಂಟಿಮೀಟರ್ ಆಳಕ್ಕೆ ಒತ್ತಿದಾಗ ನಿಂತ ಹೃದಯದ ಕೆಲಸವನ್ನು ಕೈಗಳು ಅಷ್ಟಿಷ್ಟು ಮಾಡಿಕೊಡುತ್ತವೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಕೌವೆನ್‌ಹೋವೆನ್, ಜೂಡ್ ಮತ್ತು ನಿಕರ್‌ಬಾಕರ್ ಎಂಬ ಮೂವರು 1960ರಲ್ಲಿ ಈ ಕ್ರಮವನ್ನು ಪ್ರಕಟಿಸಿದರು. ಅಲ್ಲಿಯವರೆಗೆ ನಿಂತ ಹೃದಯವನ್ನು ಒತ್ತಬೇಕಾದರೆ ಎದೆಯನ್ನು ಕೊಯ್ದು ತೆರೆಯುತ್ತಿದ್ದರು. ಇಷ್ಟು ಆಳಕ್ಕೆ ಒತ್ತಿದಾಗ ವಯಸ್ಸಾದವರ ಪಕ್ಕೆಲುಬು ಮುರಿಯುವುದು ಸಾಮಾನ್ಯ. ಸರಿಯಾಗಿ ಒತ್ತಿದವರ ಕೈಯಲ್ಲೂ ಮುರಿಯುತ್ತದೆ.

ಇನ್ನು ಶುರು ಮಾಡುವ ಪ್ರಶ್ನೆ. ಚಿಕಿತ್ಸೆಗೆ ಮೊದಲು ರೋಗಿಯ ಒಪ್ಪಿಗೆ ಕೇಳಬೇಕು ಎಂಬುದು ವೈದ್ಯಕೀಯ ನೀತಿಯ ಮೊದಲ ಪಾಠ. ಇಲ್ಲಿ ಕೇಳುವುದು ಯಾರನ್ನು? ರೋಗಿಗೆ ಪ್ರಜ್ಞೆಯಿಲ್ಲ. ಮನೆಯವರನ್ನು ಕೂರಿಸಿ ಮಾತಾಡುವಷ್ಟರಲ್ಲಿ ಆ ನಾಲ್ಕು ನಿಮಿಷ ಕಳೆದುಹೋಗಿರುತ್ತದೆ. ಅದಕ್ಕೇ ಇಂಥ ಹೊತ್ತಿನಲ್ಲಿ ಒಪ್ಪಿಗೆ ಇದೆ ಎಂದೇ ಇಟ್ಟುಕೊಂಡು ಕೆಲಸ ಶುರು ಮಾಡುವುದು ಎಲ್ಲ ಕಡೆಯ ರೂಢಿ. ನಮ್ಮ ಕಾನೂನೂ ಇದನ್ನು ಒಪ್ಪುತ್ತದೆ. ಒಪ್ಪಿಗೆ ಪಡೆಯಲಾಗದ ಸ್ಥಿತಿಯಲ್ಲಿ, ಒಬ್ಬರ ಒಳಿತಿಗಾಗಿ ಸದ್ಭಾವನೆಯಿಂದ ಮಾಡಿದ ಕೆಲಸ ಅಪರಾಧವಲ್ಲ ಎಂಬ ಮಾತು ಹಳೆಯ ದಂಡ ಸಂಹಿತೆಯ 92ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಮಿನಲ್ಲಿ ಅದು ಹಾಗೆಯೇ ಉಳಿದಿದೆ. ತುರ್ತಿನಲ್ಲಿ ನೆರವಾದವರನ್ನು ರಕ್ಷಿಸಲೆಂದೇ ಕರ್ನಾಟಕದಲ್ಲಿ 2016ರ ಕಾಯಿದೆಯೊಂದಿದೆ. ಆ ಹುಡುಗ ಯಾರನ್ನೂ ಕೇಳದೆ ಶುರು ಮಾಡಿದ್ದರಲ್ಲಿ ತಪ್ಪಿಲ್ಲ. ಕೇಳುತ್ತ ನಿಂತಿದ್ದರೆ ತಪ್ಪಾಗುತ್ತಿತ್ತು.

ಶುರು ಮಾಡಬಾರದ ಸಂದರ್ಭಗಳೂ ಇವೆ, ಆದರೆ ಬಹಳ ಕಡಿಮೆ. ಮೈ ಸೆಟೆದುಕೊಂಡಿದೆ, ರಕ್ತ ಕೆಳಗಿಳಿದು ನೆಲಕ್ಕೆ ತಾಗಿದ ಭಾಗದಲ್ಲಿ ಕಪ್ಪುನೀಲಿ ಕಲೆ ಕಟ್ಟಿದೆ, ದೇಹ ಕೊಳೆಯಲು ತೊಡಗಿದೆ, ಬದುಕಲು ಸಾಧ್ಯವೇ ಇಲ್ಲದಂಥ ಗಾಯವಾಗಿದೆ — ಇಂಥಲ್ಲಿ ಒತ್ತುವುದರಿಂದ ಸತ್ತವರಿಗೂ ಮನೆಯವರಿಗೂ ಹಿಂಸೆಯಷ್ಟೇ. ಒತ್ತುವವರ ಜೀವಕ್ಕೇ ಅಪಾಯವಿರುವ ಕಡೆಯೂ ಹಾಗೆಯೇ. ಕರೆಂಟು ಹರಿಯುತ್ತಿರುವ ತಂತಿಗೆ ಸಿಕ್ಕಿದವರನ್ನು ಮೊದಲು ಬಿಡಿಸದೆ ಮುಟ್ಟಬಾರದು. ಇವಿಷ್ಟನ್ನು ಬಿಟ್ಟರೆ, ಸಂದೇಹ ಬಂದಾಗ ಶುರು ಮಾಡುವುದೇ ಸರಿ. ಶುರು ಮಾಡಿದ್ದನ್ನು ಆಮೇಲೆ ನಿಲ್ಲಿಸಬಹುದು, ಶುರು ಮಾಡದೆ ಕಳೆದ ನಿಮಿಷಗಳನ್ನು ವಾಪಸು ತರಲಾಗದು. ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ, ಹೊಲದಲ್ಲಿ ಕೆಲಸ ಮಾಡುವವರಿಗೆ ಉಪಯೋಗವಾದೀತು. ಸಿಡಿಲು ಬಡಿದು ಹಲವರು ಬಿದ್ದಾಗ, ನರಳುತ್ತಿರುವವರಿಗಿಂತ ಮೊದಲು ಸತ್ತಂತೆ ಕಾಣುವವರ ಹತ್ತಿರ ಓಡಬೇಕು. ನರಳುತ್ತಿರುವವರು ಸಾಮಾನ್ಯವಾಗಿ ಬದುಕಿಕೊಳ್ಳುತ್ತಾರೆ. ಉಸಿರು ನಿಂತವರಿಗೆ ಆಗಲೇ ಎದೆ ಒತ್ತಿ ಉಸಿರು ಕೊಟ್ಟರೆ ಮರಳಿ ಬರುವ ಅವಕಾಶ ಚೆನ್ನಾಗಿಯೇ ಇರುತ್ತದೆ. ಸಿಡಿಲು ಬಡಿದವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ, ಮುಟ್ಟಲು ಹೆದರಬೇಕಿಲ್ಲ.

ಈಗ ನಿಮ್ಮನ್ನು ಹೆಚ್ಚು ಕಾಡುತ್ತಿರುವ ವಿಷಯಕ್ಕೆ ಬರೋಣ. ಮಾವನವರ ಮಾತಿಗೆ ಬೆಲೆ ಇಲ್ಲವೇ? ಖಂಡಿತ ಇದೆ. ಆದರೆ ಆ ಮಾತು ಏನು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಇಲ್ಲಿ ಬಹಳ ಮಂದಿ ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಎಂದುಕೊಳ್ಳುತ್ತಾರೆ. ‘ಹೃದಯ ನಿಂತರೆ ಎದೆ ಒತ್ತಬೇಡಿ’ ಎನ್ನುವುದು ಒಂದು. ‘ನನಗೆ ಚಿಕಿತ್ಸೆಯೇ ಬೇಡ’ ಎನ್ನುವುದು ಇನ್ನೊಂದು. ದಯಾಮರಣ ಎಂದು ಜನ ಕರೆಯುವುದು ಮತ್ತೊಂದು. ಮೊದಲನೆಯದನ್ನು ಹೇಳಿದವರಿಗೆ ನೋವಿನ ಔಷಧ, ಜ್ವರದ ಔಷಧ, ಆಮ್ಲಜನಕ, ಶುಶ್ರೂಷೆ ಎಲ್ಲವೂ ಸಲ್ಲಬೇಕು. ಹೃದಯ ನಿಂತ ಕ್ಷಣಕ್ಕೆ ಮಾತ್ರ ಆ ಮಾತು ಅನ್ವಯಿಸುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯೂ ಇದನ್ನು ಸ್ಪಷ್ಟವಾಗಿ ಬೇರ್ಪಡಿಸುತ್ತದೆ. ನಿಮ್ಮ ಮಾವನವರು ಹೇಳಿದ್ದು ಈ ಮೂರರಲ್ಲಿ ಯಾವುದೂ ಅಲ್ಲ. ಕೊಳವೆ ಹಾಕಿ ದಿನಗಟ್ಟಲೆ ಮಲಗಿಸಬೇಡಿ ಎಂದರು. ಕಾಫಿ ಕುಡಿದು ಕೂತಿದ್ದಾಗ ಕುಸಿದರೆ ಮೊದಲ ಹತ್ತು ನಿಮಿಷ ಏನು ಮಾಡಬೇಕೆಂದು ಅವರು ಹೇಳಿರಲಿಲ್ಲ. ಆದ್ದರಿಂದ ಎದೆ ಒತ್ತಿದ್ದು ಅವರ ಮಾತನ್ನು ಮೀರಿದಂತೆ ಆಗಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ಅವರು ಅದನ್ನೇ ಬರೆದಿಟ್ಟಿದ್ದರೆ? 2018ರ ಮಾರ್ಚ್ 9ರಂದು ಕಾಮನ್ ಕಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಘನತೆಯಿಂದ ಸಾಯುವುದು ಬದುಕುವ ಹಕ್ಕಿನ ಭಾಗವೇ ಎಂದು ಹೇಳಿ, ಮುಂಗಡವಾಗಿ ಇಂಥ ಇಚ್ಛಾಪತ್ರ ಬರೆದಿಡಲು ಅವಕಾಶ ಕೊಟ್ಟಿತು. ಮೊದಲು ಅದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರ ಜನವರಿ 24ರ ಆದೇಶ ಅದನ್ನು ಸರಳಗೊಳಿಸಿತು. ಈಗ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ತಮ್ಮ ಪರವಾಗಿ ಮಾತಾಡಬೇಕಾದವರ ಹೆಸರನ್ನೂ ಅದರಲ್ಲೇ ಬರೆಯಬೇಕು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದರ ಜಾರಿಗೆ ಆದೇಶ ಹೊರಡಿಸಿತು. ಆದರೆ ಈ ವ್ಯವಸ್ಥೆ ನಡೆಯುವುದು ಆಸ್ಪತ್ರೆಯೊಳಗೆ. ಚಿಕಿತ್ಸೆ ನೀಡುತ್ತಿರುವ ವೈದ್ಯರು ಮತ್ತು ಇಬ್ಬರು ತಜ್ಞರ ಮಂಡಳಿ ಒಂದು, ಅದರ ಅಭಿಪ್ರಾಯವನ್ನು ಮತ್ತೆ ಪರಿಶೀಲಿಸುವ ಮಂಡಳಿ ಇನ್ನೊಂದು, ಆಮೇಲೆ ಮ್ಯಾಜಿಸ್ಟ್ರೇಟರಿಗೆ ತಿಳಿಸುವುದು. ಜಗಲಿಯಲ್ಲಿ ಮಂಡಿಯೂರಿ ಕೂತ ಆಂಬುಲೆನ್ಸ್ ಸಿಬ್ಬಂದಿ ಇದನ್ನೆಲ್ಲ ನಡೆಸಲಾರರು. ಮನೆಯವರು ತೋರಿಸಿದ ಕಾಗದ ನಿಜವೇ, ಅದು ಇದೇ ಪರಿಸ್ಥಿತಿಗೆ ಬರೆದದ್ದೇ ಎಂದು ಅಳೆಯುವ ಹೊತ್ತೂ ಅವರಿಗಿಲ್ಲ. ಹೀಗಾಗಿ ಅವರು ಶುರು ಮಾಡುತ್ತಾರೆ. ಜೊತೆಗೆ ಆ ಕಾಗದ ಇದೆ ಎಂಬುದನ್ನು ತಮ್ಮ ಹಾಳೆಯಲ್ಲಿ ಬರೆದು, ಕಾಗದವನ್ನೂ ಜೊತೆಯಲ್ಲಿ ಒಯ್ದು ಆಸ್ಪತ್ರೆಯ ವೈದ್ಯರ ಕೈಗೆ ಕೊಡಬೇಕು. ಇದೂ ಮಾತಿಗೆ ಬೆಲೆ ಕೊಡುವ ರೀತಿಯೇ.

ಈ ತೊಡಕನ್ನು ಅಮೆರಿಕದ ಒರೆಗಾನ್ ರಾಜ್ಯದವರು 1991ರಿಂದಲೇ ಬಿಡಿಸಲು ಹೊರಟರು. ಗುಣವಾಗದ ಕಾಯಿಲೆಯವರು ಅಥವಾ ತೀರ ನಿತ್ರಾಣರಾದವರು ತಮ್ಮ ವೈದ್ಯರ ಜೊತೆ ಕೂತು ಮಾತಾಡುತ್ತಾರೆ. ಹೃದಯ ನಿಂತರೆ ಒತ್ತಬೇಕೋ ಬೇಡವೋ ಎಂಬುದನ್ನು ವೈದ್ಯರ ಆದೇಶವಾಗಿಯೇ ಒಂದು ಕಣ್ಣು ಕುಕ್ಕುವ ಗುಲಾಬಿ ಹಾಳೆಯ ಮೇಲೆ ಬರೆದು ಮನೆಯಲ್ಲಿ ಎದ್ದು ಕಾಣುವ ಕಡೆ ಇಡುತ್ತಾರೆ. ಆಂಬುಲೆನ್ಸಿನವರು ಬಾಗಿಲಲ್ಲೇ ಅದನ್ನು ಓದಿ ಪಾಲಿಸಬಹುದು. ಇಚ್ಛಾಪತ್ರ ರೋಗಿಯ ಮಾತು, ಇದು ವೈದ್ಯರ ಆದೇಶ, ಅದೇ ವ್ಯತ್ಯಾಸ. ನಮ್ಮಲ್ಲೂ ಹಾಸಿಗೆ ಹಿಡಿದವರನ್ನು ಮನೆಯಲ್ಲೇ ನೋಡಿಕೊಳ್ಳುವ ಕುಟುಂಬಗಳು ಸಾವಿರಾರಿವೆ. ಅವರಿಗಾಗಿ ಇಂಥದ್ದೊಂದು ಬೇಕು ಎಂದೇ ನನ್ನ ಅಭಿಪ್ರಾಯ.

ನಿಲ್ಲಿಸುವುದರ ಬಗ್ಗೆ ಹೇಳುವ ಮೊದಲು ಒಂದು ಭಾರ ಇಳಿಸಬೇಕು. ನಿಲ್ಲಿಸುವುದು ಎಂದರೆ ಸಾಯಿಸುವುದಲ್ಲ. ಹೃದಯ ಆಗಲೇ ನಿಂತಿತ್ತು. ಅದನ್ನು ಮತ್ತೆ ಹೊರಡಿಸುವ ಪ್ರಯತ್ನ ಫಲಿಸಲಿಲ್ಲ ಎಂದು ಒಪ್ಪಿಕೊಂಡ ಕ್ಷಣ ಅದು. ಶುರು ಮಾಡದೇ ಇರುವುದಕ್ಕೂ ಶುರು ಮಾಡಿ ನಿಲ್ಲಿಸುವುದಕ್ಕೂ ನೀತಿಯ ದೃಷ್ಟಿಯಲ್ಲಿ ವ್ಯತ್ಯಾಸವಿಲ್ಲ ಎಂದು ವೈದ್ಯಕೀಯ ನೀತಿ ಬಲ್ಲವರು ಹೇಳುತ್ತಾರೆ. ಮನಸ್ಸಿಗೆ ಮಾತ್ರ ಎರಡನೆಯದೇ ಕಷ್ಟ, ಕೈ ತೆಗೆದವರ ನೆನಪಿನಲ್ಲಿ ಆ ಕ್ಷಣ ಉಳಿದುಬಿಡುತ್ತದೆ. ಹಾಗಾಗಿಯೇ ಈ ತೀರ್ಮಾನವನ್ನು ಒಬ್ಬರ ಧೈರ್ಯಕ್ಕೋ ದಣಿವಿಗೋ ಬಿಡದೆ, ಮೊದಲೇ ಒಪ್ಪಿಕೊಂಡ ನಿಯಮಕ್ಕೆ ಕಟ್ಟಲು ಕೆಲವು ದೇಶಗಳು ಪ್ರಯತ್ನಿಸಿವೆ.

ಇವುಗಳಲ್ಲಿ ಹೆಚ್ಚು ಚರ್ಚೆಯಾದದ್ದು ಕೆನಡಾದ ಒಂಟಾರಿಯೊ ಪ್ರಾಂತ್ಯದ ನಿಯಮ. ಅದು ಮೂರೇ ಪ್ರಶ್ನೆ ಕೇಳುತ್ತದೆ. ಹೃದಯ ನಿಂತದ್ದನ್ನು ಆಂಬುಲೆನ್ಸ್ ಸಿಬ್ಬಂದಿ ಕಣ್ಣಾರೆ ಕಂಡರೇ? ಯಂತ್ರದಿಂದ ಒಂದಾದರೂ ಶಾಕ್ ಕೊಡಬೇಕಾಯಿತೇ? ಸ್ಥಳದಲ್ಲಿ ನಾಡಿ ಮರಳಿತೇ? ಮೂರಕ್ಕೂ ‘ಇಲ್ಲ’ ಎಂದರೆ ಅಲ್ಲೇ ನಿಲ್ಲಿಸುವುದನ್ನು ಯೋಚಿಸಬಹುದು. 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದನ್ನು 1,240 ರೋಗಿಗಳ ಮೇಲೆ ಪರೀಕ್ಷಿಸಿದರು. ನಿಲ್ಲಿಸಬಹುದು ಎಂದು ನಿಯಮ ಹೇಳಿದ 776 ಜನರಲ್ಲಿ ಬದುಕಿದವರು ನಾಲ್ವರು, ಅಂದರೆ ಶೇಕಡಾ 0.5.

ಈ ನಾಲ್ವರ ಬಗ್ಗೆ ಸ್ವಲ್ಪ ಯೋಚಿಸಬೇಕು. ಇದ್ದರೂ ನಿಯಮ ಒಳ್ಳೆಯದೇ ಎಂದು ಕೆಲವರು ಹೇಳುತ್ತಾರೆ. ಆಸೆಯಿಲ್ಲದವರನ್ನೂ ಸೈರನ್ ಹಾಕಿಕೊಂಡು ಒಯ್ಯುವಾಗ ಓಡುವ ಗಾಡಿಯಲ್ಲಿ ಸರಿಯಾಗಿ ಒತ್ತಲು ಆಗದು, ನಿಂತು ಒತ್ತುವ ಸಿಬ್ಬಂದಿ ತಿರುವಿನಲ್ಲಿ ಬೀಳುತ್ತಾರೆ, ಅದೇ ಹೊತ್ತಿಗೆ ಇನ್ನೊಂದು ಮನೆಯ ಕರೆಗೆ ಗಾಡಿ ಇರುವುದಿಲ್ಲ. ಇವೆಲ್ಲ ನಿಜ. ಆ ನಾಲ್ವರೂ ಯಾರದೋ ಮನೆಯವರು ಎಂಬುದೂ ಅಷ್ಟೇ ನಿಜ. ಈ ಅಧ್ಯಯನದವರೂ ಯಂತ್ರದಂತೆ ನಿಲ್ಲಿಸಿ ಎಂದು ಹೇಳಲಿಲ್ಲ. ನಿಯಮ ಸೂಚನೆ ಕೊಡುತ್ತದೆ, ವೈದ್ಯರು ತೂಗಿ ನೋಡುತ್ತಾರೆ. ಮಕ್ಕಳು, ಗರ್ಭಿಣಿಯರು, ವಿಷ ಸೇವಿಸಿದವರು, ತಣ್ಣೀರಿನಲ್ಲಿ ಮುಳುಗಿ ಮೈ ತಣ್ಣಗಾದವರು ಇವರ ವಿಷಯದಲ್ಲಿ ಹೆಚ್ಚು ಹೊತ್ತು ಪ್ರಯತ್ನಿಸುವುದು ರೂಢಿ. ನಾರ್ವೆಯಲ್ಲಿ 1999ರಲ್ಲಿ ಹೆಪ್ಪುಗಟ್ಟಿದ ತೊರೆಯೊಳಗೆ ಸಿಕ್ಕಿಬಿದ್ದ ಮಹಿಳೆಯೊಬ್ಬರ ದೇಹದ ಉಷ್ಣತೆ 13.7 ಡಿಗ್ರಿಗೆ ಇಳಿದಿತ್ತು. ಅವರು ಬದುಕಿದರು.

ನಮ್ಮಲ್ಲಿ ಸಾವನ್ನು ಪ್ರಮಾಣೀಕರಿಸುವ ಅಧಿಕಾರ ನೋಂದಾಯಿತ ವೈದ್ಯರದು. ಆಂಬುಲೆನ್ಸಿನ ತಂತ್ರಜ್ಞರು ತಾವಾಗಿ ‘ತೀರಿಕೊಂಡರು’ ಎಂದು ಬರೆದು ಹೊರಡುವಂತಿಲ್ಲ. ಆದ್ದರಿಂದ ನಿಮ್ಮ ಮಾವನವರನ್ನು ಒತ್ತುತ್ತಲೇ ಆಸ್ಪತ್ರೆಗೆ ಒಯ್ದರು, ಅಲ್ಲಿ ವೈದ್ಯರು ನೋಡಿ ತೀರ್ಮಾನಿಸಿದರು. ಅವರು ಏನು ನೋಡಿರುತ್ತಾರೆ? ಎಷ್ಟು ಹೊತ್ತಾಗಿದೆ, ಮೊದಲ ನಿಮಿಷಗಳಲ್ಲಿ ಯಾರಾದರೂ ಒತ್ತಿದ್ದರೇ, ಯಂತ್ರದಲ್ಲಿ ಹೃದಯದ ಲಯ ಶಾಕ್‌ಗೆ ಓಗೊಡುವಂಥದ್ದೇ ಅಥವಾ ಗೆರೆ ಸಪಾಟಾಗಿದೆಯೇ, ನಡುವೆ ನಾಡಿ ಒಮ್ಮೆಯಾದರೂ ಬಂದಿತ್ತೇ. ಇವುಗಳಲ್ಲಿ ಹೆಚ್ಚಿನವು ಆಸ್ಪತ್ರೆಯಲ್ಲಿ ಹುಟ್ಟುವ ಮಾಹಿತಿಯಲ್ಲ. ಜಗಲಿಯಲ್ಲಿ ಹುಟ್ಟಿ, ಹಾಳೆಯ ಮೇಲೆ ಆಸ್ಪತ್ರೆಗೆ ಬರಬೇಕಾದ ಮಾಹಿತಿ. ನಿಮ್ಮ ಮನೆಯವರಿಗೆ ಸಿಟ್ಟು ತರಿಸಿದ ಪ್ರಶ್ನೆಗಳು ಇವೇ. ಅವನ್ನು ಕೇಳದೆ ಹೋಗಿದ್ದರೆ, ಆಸ್ಪತ್ರೆಯ ವೈದ್ಯರು ಕತ್ತಲಲ್ಲಿ ತೀರ್ಮಾನಿಸಬೇಕಾಗುತ್ತಿತ್ತು. ಬೇಗ ನಿಲ್ಲಿಸಿದ್ದರೂ, ಆಸೆಯಿಲ್ಲದೆ ಮುಂದುವರಿಸಿದ್ದರೂ ಅದು ಊಹೆಯೇ ಆಗುತ್ತಿತ್ತು.

ಈ ಪ್ರಶ್ನೆಗಳ ಪಟ್ಟಿಗೆ ಒಂದು ಮಠದ ಹೆಸರೇ ಅಂಟಿಕೊಂಡಿದೆ. ನಾರ್ವೆಯ ಸ್ಟಾವಾಂಗೆರ್ ಪಟ್ಟಣದ ಹತ್ತಿರದ ದ್ವೀಪವೊಂದರಲ್ಲಿ ಉಟ್‌ಸ್ಟೈನ್ ಎಂಬ ಮಧ್ಯಯುಗದ ಮಠವಿದೆ. 1990ರ ಜೂನ್‌ನಲ್ಲಿ ಯುರೋಪು, ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳ ತಜ್ಞರು ಅಲ್ಲಿ ಸೇರಿದರು. ಅವರ ಕಷ್ಟ ಸರಳವಾದದ್ದು. ಪ್ರತಿ ಊರೂ ತನ್ನ ಲೆಕ್ಕ ಕೊಡುತ್ತಿತ್ತು, ಆದರೆ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗುತ್ತಿರಲಿಲ್ಲ. ‘ಬದುಕಿದರು’ ಎಂದರೆ ಒಬ್ಬರಿಗೆ ನಾಡಿ ಮರಳಿದ್ದು, ಇನ್ನೊಬ್ಬರಿಗೆ ಆಸ್ಪತ್ರೆಯಿಂದ ಮನೆಗೆ ನಡೆದು ಹೋದದ್ದು. ಅಲ್ಲಿ ಶುರುವಾದ ಮಾತುಕತೆಯಿಂದ 1991ರಲ್ಲಿ ಒಂದು ಏಕರೂಪದ ದಾಖಲೆ ಕ್ರಮ ಪ್ರಕಟವಾಯಿತು. ಇಂದಿಗೂ ಅದನ್ನು ಉಟ್‌ಸ್ಟೈನ್ ಶೈಲಿ ಎಂದೇ ಕರೆಯುತ್ತಾರೆ.

ಏಕರೂಪ ಯಾಕೆ ಬೇಕೆಂಬುದಕ್ಕೆ ಒಂದು ಲೆಕ್ಕ ಮಾಡಿ ನೋಡೋಣ. ಲೆಕ್ಕಕ್ಕಾಗಿ ಎರಡು ಊರು ಇಟ್ಟುಕೊಳ್ಳಿ. ಎರಡರಲ್ಲೂ ವರ್ಷಕ್ಕೆ 100 ಜನರ ಹೃದಯ ನಿಲ್ಲುತ್ತದೆ. ಮೊದಲ ಊರಿನವರು 100 ಜನರಿಗೂ ಪ್ರಯತ್ನಿಸಿದರು, 8 ಜನ ಮನೆಗೆ ಮರಳಿದರು. ಶೇಕಡಾ 8. ಎರಡನೆಯ ಊರಿನವರು ಆಸೆ ಇದೆ ಎಂದು ತಮಗೆ ಕಂಡ 40 ಜನರಿಗೆ ಮಾತ್ರ ಪ್ರಯತ್ನಿಸಿದರು, 6 ಜನ ಮರಳಿದರು. ಶೇಕಡಾ 15. ಪತ್ರಿಕೆಯಲ್ಲಿ ಹೊಗಳಿಸಿಕೊಳ್ಳುವುದು ಎರಡನೆಯ ಊರು, ಹೆಚ್ಚು ಜನ ಬದುಕಿದ್ದು ಮೊದಲನೆಯ ಊರಿನಲ್ಲಿ. ಪ್ರಯತ್ನಿಸದೆ ಬಿಟ್ಟ 60 ಜನರನ್ನೂ, ಯಾಕೆ ಬಿಟ್ಟರು ಎಂಬ ಕಾರಣವನ್ನೂ ಬರೆಯಲೇಬೇಕು ಎಂಬ ನಿಯಮವಿದ್ದರೆ ಮಾತ್ರ ಇದು ಕಣ್ಣಿಗೆ ಬೀಳುತ್ತದೆ. ‘ಇವರಿಗೆ ಪ್ರಯತ್ನಿಸುವುದು ಬೇಡ’ ಎಂಬ ತೀರ್ಮಾನ ವಯಸ್ಸು ನೋಡಿಯೋ, ಬಡತನ ನೋಡಿಯೋ ಆಗುತ್ತಿದ್ದರೆ ಅದೂ ಅಲ್ಲೇ ಹೊರಬೀಳುತ್ತದೆ. ನೀತಿ ಮತ್ತು ದಾಖಲೆ ಒಂದೇ ಬೇರಿನವು ಎಂದು ನಾನು ಆರಂಭದಲ್ಲಿ ಹೇಳಿದ್ದು ಇದಕ್ಕೇ.

ಬದುಕಿದ್ದು ಯಾವ ಸ್ಥಿತಿಯಲ್ಲಿ ಎಂಬುದನ್ನೂ ಆ ಶೈಲಿ ಬರೆಸುತ್ತದೆ. ಮಿದುಳಿನ ಸ್ಥಿತಿಗೆ 1ರಿಂದ 5ರವರೆಗೆ ಅಂಕವಿದೆ. 1 ಎಂದರೆ ಮೊದಲಿನಂತೆ ಬಾಳುವವರು, 5 ಎಂದರೆ ಮರಣ. ಬ್ರಿಟನ್ನಿನಲ್ಲಿ 8,014 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದರ ಮಹತ್ವ ತೋರಿಸಿತು. ಅಡ್ರಿನಲಿನ್ ಚುಚ್ಚುಮದ್ದು ಕೊಟ್ಟವರಲ್ಲಿ 30 ದಿನ ಬದುಕಿದವರು ಶೇಕಡಾ 3.2, ಕೊಡದವರಲ್ಲಿ 2.4. ಮದ್ದು ಗೆದ್ದಿತು ಎನ್ನಬೇಕು. ಆದರೆ ಬದುಕಿ ಆಸ್ಪತ್ರೆಯಿಂದ ಹೊರಬಂದವರ ಪೈಕಿ ಮಿದುಳಿಗೆ ತೀವ್ರ ಹಾನಿಯಾದವರು ಮದ್ದು ಪಡೆದವರಲ್ಲಿ ಶೇಕಡಾ 31, ಪಡೆಯದವರಲ್ಲಿ 17.8. ‘ಕೊಳವೆ ಹಾಕಿ ಮಲಗಿಸಬೇಡಿ’ ಎಂದ ನಿಮ್ಮ ಮಾವನವರು ಈ ಅಂಕಿಗಳನ್ನು ಕಂಡವರಲ್ಲ, ಆದರೂ ಕೇಳುತ್ತಿದ್ದದ್ದು ಇದನ್ನೇ.

ಡೆನ್ಮಾರ್ಕಿನವರು 2001ರಿಂದ ದೇಶದ ಪ್ರತಿ ಪ್ರಕರಣವನ್ನೂ ಹೀಗೆ ಬರೆಯುತ್ತ ಬಂದರು. ಆರಂಭದಲ್ಲಿ ಹತ್ತಿರವಿದ್ದ ಜನ ಎದೆ ಒತ್ತಿದ ಪ್ರಕರಣಗಳು ಶೇಕಡಾ 21 ಮಾತ್ರ. ಶಾಲೆಗಳಲ್ಲಿ ಇದನ್ನು ಕಲಿಸುವುದು ಕಡ್ಡಾಯವಾಯಿತು, ಡ್ರೈವಿಂಗ್ ಲೈಸೆನ್ಸಿಗೂ ಕಡ್ಡಾಯವಾಯಿತು. 2010ರ ಹೊತ್ತಿಗೆ ಅದು ಸುಮಾರು 45ಕ್ಕೆ ಏರಿತು, 30 ದಿನ ಬದುಕುಳಿದವರು ಶೇಕಡಾ 3.5ರಿಂದ 10.8ಕ್ಕೆ ಏರಿದರು. ಯಾರೋ ಮಂಡಿಯೂರಿ ಕೂತು ‘ಯಾರು ಒತ್ತಿದಿರಿ?’ ಎಂದು ಕೇಳಿ ಬರೆದ ಸಾವಿರಾರು ಹಾಳೆಗಳು ಈ ಬದಲಾವಣೆಯನ್ನು ತೋರಿಸಿಕೊಟ್ಟವು.

ಇನ್ನು ಒಳ್ಳೆಯ ದಾಖಲೆ ಹೇಗಿರಬೇಕು? ರೋಗಿಯ ಕೆಲಸ ನಿಲ್ಲಿಸಿ ಬರೆಯುವುದು ಒಳ್ಳೆಯ ದಾಖಲೆಯಲ್ಲ, ಆ ವಿಷಯದಲ್ಲಿ ನಿಮ್ಮ ಮನೆಯವರ ಆತಂಕ ಸರಿಯೇ. ಕೈ ಎದೆಯ ಮೇಲಿರುವಾಗ ಬಾಯಲ್ಲಿ ಕೇಳಬೇಕು, ಬಿಡುವಿರುವವರು ಗಂಟೆಯನ್ನಷ್ಟೇ ಗೀಚಿಕೊಳ್ಳಬೇಕು, ಉಳಿದದ್ದನ್ನು ಆಮೇಲೆ ತುಂಬಬೇಕು. ಆಮೇಲೆ ತುಂಬಿದ್ದನ್ನು ಆಮೇಲೆ ತುಂಬಿದ್ದು ಎಂದೇ ಗುರುತಿಸಬೇಕು. ತಪ್ಪು ಬರೆದರೆ ಉಜ್ಜಿ ಅಳಿಸದೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಬೇಕು. ಗೋಡೆ ಗಡಿಯಾರ, ಮೊಬೈಲು, ಶಾಕ್ ಕೊಡುವ ಯಂತ್ರ ಮೂರೂ ಮೂರು ಸಮಯ ತೋರಿಸುವುದುಂಟು. ಯಾವುದನ್ನು ನೋಡಿ ಬರೆದದ್ದು ಎಂದು ತಿಳಿಸಬೇಕು. ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ’ ಎಂದು ಬರೆಯಬೇಕು. ಉಟ್‌ಸ್ಟೈನ್ ಪಟ್ಟಿಯಲ್ಲಿ ಅದಕ್ಕೂ ಒಂದು ಮನೆ ಇದೆ. ಅಂದಾಜಿನ ನಿಮಿಷವನ್ನು ಖಚಿತ ನಿಮಿಷದಂತೆ ಬರೆಯುವುದು ಸಣ್ಣ ಸುಳ್ಳಲ್ಲ, ಆ ನಿಮಿಷದ ಮೇಲೆ ಯಾರೋ ನಿಲ್ಲಿಸುವ ತೀರ್ಮಾನ ಮಾಡುತ್ತಾರೆ.

ದಾಖಲೆಗೆ ಸಂಬಂಧಿಸಿದ ಇನ್ನೊಂದು ಸುಳ್ಳನ್ನೂ ಹೇಳಬೇಕು. ಆಸೆಯಿಲ್ಲವೆಂದು ಗೊತ್ತಾದ ಮೇಲೂ ಮನೆಯವರ ಸಮಾಧಾನಕ್ಕೆಂದು ಮೇಲೆ ಮೇಲೆ ಒತ್ತಿದಂತೆ ಮಾಡುವುದುಂಟು. ಮಾಡುವವರ ಉದ್ದೇಶ ಕರುಣೆಯೇ ಇರಬಹುದು. ಆದರೂ ಅದು ಸರಿಯಲ್ಲ. ಹಾಳೆಯಲ್ಲಿ ಪೂರ್ಣ ಪ್ರಯತ್ನ ಎಂದು ಬರೆಯುತ್ತಾರೆ, ಮನೆಯವರು ಅದನ್ನು ನಂಬುತ್ತಾರೆ, ದೇಹಕ್ಕೆ ಬರೀ ಪೆಟ್ಟು ಬೀಳುತ್ತದೆ. ಅದರ ಬದಲು ಮನೆಯವರಲ್ಲಿ ಒಬ್ಬರನ್ನು ಹತ್ತಿರ ನಿಲ್ಲಿಸಿಕೊಂಡು ಏನು ನಡೆಯುತ್ತಿದೆ ಎಂದು ಹೇಳುತ್ತ ಹೋಗುವುದು ಒಳ್ಳೆಯದು. ಫ್ರಾನ್ಸಿನಲ್ಲಿ ಮನೆಗಳಲ್ಲೇ ಹೃದಯ ನಿಂತ ರೋಗಿಗಳ 570 ಬಂಧುಗಳ ಮೇಲೆ ಈ ಬಗ್ಗೆ ಅಧ್ಯಯನ ನಡೆಯಿತು, 2013ರಲ್ಲಿ ಪ್ರಕಟವಾಯಿತು. ‘ಹತ್ತಿರ ಇರುತ್ತೀರಾ?’ ಎಂದು ಕೇಳಿಸಿಕೊಂಡವರಲ್ಲಿ ಮೂರು ತಿಂಗಳ ನಂತರ ಆ ಆಘಾತದ ಕಾಟ ಕಡಿಮೆಯಿತ್ತು. ಕೆಲಸಕ್ಕೆ ಅದರಿಂದ ಅಡ್ಡಿಯೂ ಆಗಲಿಲ್ಲ.

ನಿಮಗೆ ಇನ್ನೂ ತಿಳಿಯಬೇಕೆನಿಸಿದರೆ ಆಸ್ಪತ್ರೆಯಿಂದ ಚಿಕಿತ್ಸಾ ದಾಖಲೆಯ ಪ್ರತಿ ಕೇಳಿ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳ ಪ್ರಕಾರ ರೋಗಿಯ ಕಡೆಯವರು ಕೇಳಿದ 72 ಗಂಟೆಗಳೊಳಗೆ ವೈದ್ಯರು ಅದನ್ನು ಕೊಡಬೇಕು, ಒಳರೋಗಿಗಳ ದಾಖಲೆಗಳನ್ನು ಮೂರು ವರ್ಷ ಇಟ್ಟಿರಬೇಕು. ಪ್ರತಿ ಕೇಳುವುದು ಜಗಳವಲ್ಲ. ಅದರಲ್ಲಿ ಬಿದ್ದ ಸಮಯ, ಒತ್ತಲು ಶುರುವಾದ ಸಮಯ, ಲಯ, ನಿಲ್ಲಿಸಿದ ಸಮಯ ಮತ್ತು ಕಾರಣ ಇದ್ದರೆ, ವೈದ್ಯರ ಹತ್ತಿರ ಕೂತು ಓದಿಸಿಕೊಳ್ಳಿ. ಮನೆಯಲ್ಲಿ ಉಳಿದ ಹಿರಿಯರಿಗೆ ಏನು ಬೇಕು, ಏನು ಬೇಡ ಎಂಬುದನ್ನು ಅವರ ಆರೋಗ್ಯ ಚೆನ್ನಾಗಿರುವಾಗಲೇ ಕೇಳಿ ಬರೆದಿಡಿ.

ಹತ್ತಿರವಿದ್ದವರು ಮೊದಲ ನಿಮಿಷಗಳಲ್ಲೇ ಎದೆ ಒತ್ತಿದ್ದರೆ ಅದು ಆ ಹಾಳೆಯ ಅತಿ ಮುಖ್ಯ ಸಾಲುಗಳಲ್ಲೊಂದು. ನಿಮ್ಮ ಮಾವನವರ ಹಾಳೆಯಲ್ಲಿ ಆ ಸಾಲು ಇರುವುದು ಪಕ್ಕದ ಮನೆಯ ಹುಡುಗನಿಂದ. ಅವನು ಬರಲಿ ಎಂದು ಕಾಯಬೇಡಿ. ನೀವೇ ಅವನ ಮನೆಗೆ ಹೋಗಿ, ಅವನು ಮಾಡಿದ್ದು ಸರಿ ಎಂದು ಹೇಳಿ ಬನ್ನಿ.